ಎರಡನೇ ಸರ್ವರ್ ಕೆಲಸ ಹಿಡಿದ ವಾರ

ವಿಜಯಪುರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ನಾನು. ತಿಕೋಟಾ, ಬಬಲೇಶ್ವರಗಳಲ್ಲಿ ನಮ್ಮ ಶಾಖೆಗಳಿವೆ. ಅಲ್ಲಿ ತೆಗೆದ ರಕ್ತ ಇಲ್ಲಿಗೆ ಬರುತ್ತದೆ, ರಿಪೋರ್ಟು ಕಂಪ್ಯೂಟರಿನಲ್ಲಿ ಅಲ್ಲಿಗೆ ಹೋಗುತ್ತದೆ. ಎಲ್ಲದಕ್ಕೂ ಇದ್ದದ್ದು ಒಂದೇ ಸರ್ವರ್.

ಹೋದ ಬೇಸಿಗೆಯಲ್ಲಿ ಅದು ಅರ್ಧ ದಿನ ಕೆಟ್ಟು ನಿಂತಿತು. ನಾವೆಲ್ಲ ಆಪಾ, ಅಂದರೆ ಅಕ್ಕ, ಎಂದು ಕರೆಯುವ ಹಿರಿಯ ಟೆಕ್ನಿಶಿಯನ್ ಒಂದೊಂದೇ ರಿಪೋರ್ಟನ್ನು ಶಾಖೆಗಳಿಗೆ ಫೋನಿನಲ್ಲಿ ಓದಿ ಹೇಳಿದರು. ಸಂಜೆಗೆ ಅವರ ಗಂಟಲು ಕಟ್ಟಿತ್ತು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅದೇ ನನಗೆ ಚುಚ್ಚಿತು.

ಲ್ಯಾಬ್ ನಡೆಸುವ ಡಾಕ್ಟರನ್ನು ಒಪ್ಪಿಸಿ ಇನ್ನೊಂದು ಸರ್ವರ್ ತರಿಸಿದೆ. ಮೊದಲನೆಯದರಲ್ಲಿ ಸೇರಿದ್ದೆಲ್ಲ ಆಗಿಂದಾಗಲೇ ಎರಡನೆಯದಕ್ಕೂ ಹೋಗಬೇಕು. ಅದು ನಿಂತರೆ ಇದು ತಾನಾಗಿಯೇ ಕೆಲಸ ಹಿಡಿಯಬೇಕು. ಪರೀಕ್ಷೆ ಮಾಡಲು ಒಂದು ಭಾನುವಾರ ಮಧ್ಯಾಹ್ನ ಆಪಾ ಅವರನ್ನೇ ಕರೆದೆ.

“ಹಳೇದರ ವೈರ್ ಕೀಳ್ರಿ ಆಪಾ.”

“ಖರೇನ ಕೀಳ್ಲೇನು? ಆಮ್ಯಾಲ ನನ್ನ ಮ್ಯಾಲ ಹಾಕಬ್ಯಾಡ ಮತ್ತ.”

ಕಿತ್ತರು. ಅರ್ಧ ನಿಮಿಷದಲ್ಲಿ ಲ್ಯಾಬಿನ ಪರದೆಗಳೆಲ್ಲ ಮತ್ತೆ ಬಂದವು. ಆದರೆ ತಿಕೋಟಾ, ಬಬಲೇಶ್ವರ ಎರಡೂ ಬಂದ್. ಯಾವುದು ನಡೆಯುತ್ತಿದ್ದರೂ ಅದಕ್ಕೇ ಮುಟ್ಟಲೆಂದು ಎರಡೂ ಸರ್ವರಿಗೆ ಸೇರಿ ಒಂದು ಹೊಸ ನೆಟ್‌ವರ್ಕ್ ವಿಳಾಸ ಕೊಟ್ಟಿದ್ದೆ. ಶಾಖೆಗಳ ಕಂಪ್ಯೂಟರುಗಳಲ್ಲಿ ಮಾತ್ರ ಹಳೆಯ ಸರ್ವರಿನ ವಿಳಾಸವೇ ಉಳಿದಿತ್ತು. ಬರೆದಿಟ್ಟವಳು ನಾನೇ.

“ಮನಿ ಬದಲಿ ಮಾಡಿ ಪೋಸ್ಟ್‌ಮನ್‌ಗ ಹೇಳೇ ಇಲ್ಲ ನೋಡು,” ಎಂದು ಆಪಾ ನಕ್ಕರು.

ವೈರ್ ಮತ್ತೆ ಹಾಕಿದೆವು. ಸೋಮವಾರ ತಿಕೋಟಾಕ್ಕೆ ಹೋಗಿ ವಿಳಾಸ ಬದಲಿಸಿ ಬಂದೆ. ಮಂಗಳವಾರ ಬೆಳಿಗ್ಗೆ ಬಬಲೇಶ್ವರದ ಬಸ್ಸು ಸಾರವಾಡ ದಾಟುವಾಗ ಫೋನಿಗೆ ಸಂದೇಶ ಬಂತು: ಹಳೆಯ ಸರ್ವರ್ ನಿಂತಿದೆ. ಭಾನುವಾರದಿಂದಲೇ ಅದು ಗುರ್ರೆನ್ನುತ್ತಿತ್ತು. ತಿಕೋಟಾಕ್ಕೆ ಫೋನ್ ಹಚ್ಚಿದೆ.

“ರಿಪೋರ್ಟ್ ಬರಾಕತ್ತಾವೇನ್ರಿ?”

“ಬರಾಕತ್ತಾವಲ್ರೀ. ಯಾಕ, ಏನಾತು?” ಅಲ್ಲಿನ ನರ್ಸಿಗೆ ಏನೂ ಗೊತ್ತೇ ಆಗಿರಲಿಲ್ಲ.

ಉಳಿದದ್ದು ಬಬಲೇಶ್ವರ. ಬಸ್ಸಿಳಿದು ಓಡಿದೆ. ಕೌಂಟರಿನ ಎದುರು ಒಬ್ಬ ಅಜ್ಜಿ ಜ್ವರದ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದರು.

“ಯವ್ವಾ, ನಿನ್ನಿ ರಕ್ತ ಕೊಟ್ಟೇವಿ, ಮುಂಜಾನಿಂದ ಕುಂತೇನಿ. ಕೂಸಿಗೆ ಡೆಂಗಿ ಐತೋ ಇಲ್ಲೋ, ಅಷ್ಟ ಹೇಳ್ರಿ.”

“ಎರಡು ನಿಮಿಷ ತಡೀರಿ ಆಯಿ.”

ಕಂಪ್ಯೂಟರಿನ ಮುಂದೆ ಕೂತು ಹೊಸ ವಿಳಾಸದ ಒಂದು ಅಂಕಿ ತಪ್ಪು ಒತ್ತಿದೆ, ಅಳಿಸಿ ಮತ್ತೆ ಒತ್ತಿದೆ. ಪರದೆ ಬಂತು. ಬೆಳಗಿನ ರಿಪೋರ್ಟುಗಳೆಲ್ಲ ಒಂದೂ ಬಿಡದೆ ಸಾಲಾಗಿ ಇದ್ದವು. ಮಗುವಿನದನ್ನು ಆ ಶಾಖೆಯ ನರ್ಸ್ ತೆಗೆದು ಓದಿದಳು.

“ಡೆಂಗಿ ಇಲ್ರೀ ಆಯಿ. ಡಾಕ್ಟರ್ರಿಗೆ ತೋರಸ್ರಿ, ಗುಳಿಗಿ ಕೊಡ್ತಾರ.”

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು, ಚೀಲದಿಂದ ಒಂದು ಬಾಳೆಹಣ್ಣು ತೆಗೆದು ನನ್ನ ಕೈಯಲ್ಲಿಟ್ಟರು. ನಾನು ಏನು ಮಾಡಿದೆನೆಂದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳುವ ಗೊಡವೆಗೆ ಹೋಗಲಿಲ್ಲ. ಅಲ್ಲೇ ನಿಂತು ತಿಂದೆ. ಮರಳುವ ಬಸ್ಸಿನಲ್ಲಿ ಎಂಥ ನಿದ್ದೆ ಹತ್ತಿತೆಂದರೆ, ವಿಜಯಪುರದಲ್ಲಿ ಕಂಡಕ್ಟರ್ ಬಂದು ಎಬ್ಬಿಸಬೇಕಾಯಿತು.