ತಳ ಹಿಡಿಯುವ ಹೊತ್ತು

ಒಡಾಲಿ ದುಗಾಳ ಮೂಗು ಸತ್ತು ಒಂಬತ್ತು ತಿಂಗಳಾಗಿತ್ತು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಫೆಬ್ರವರಿಯಲ್ಲಿ ಬಂದ ಜ್ವರ ಹೋಗುವಾಗ ವಾಸನೆಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ನಾಲಿಗೆಗೆ ಉಪ್ಪು, ಹುಳಿ, ಖಾರ ಉಳಿದವು. ಮಿಕ್ಕಿದ್ದನ್ನು ಅವಳು ಹೇಗೋ ತೂಗಿಸಿಕೊಂಡು ಬಂದಳು. ಹಾಲು ಕೆಟ್ಟಿದೆಯೇ ಎಂದು ಡಬ್ಬದ ಮೇಲಿನ ತಾರೀಖು ನೋಡುವಳು. ಕಬ್ಬಿನ ಗದ್ದೆಗೆ ಬೆಂಕಿ ಕೊಟ್ಟಾಗ ಪಕ್ಕದ ಮನೆಯವರು ಕಿಟಕಿ ಮುಚ್ಚುವುದನ್ನು ಕಂಡು ತಾನೂ ಮುಚ್ಚಿ, "ಅಬ್ಬಬ್ಬಾ, ಏನು ಹೊಗೆ!" ಎನ್ನುವಳು. ಅರವತ್ತೊಂಬತ್ತರ ಹೆಂಗಸು, ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳಿಗೆ ಬೇಯಿಸಿ ಹಾಕಿದವಳು. ನಾಟಕ ಆಡುವುದು ಅವಳಿಗೆ ಬರುತ್ತಿರಲಿಲ್ಲ, ಈ ವಯಸ್ಸಿನಲ್ಲಿ ಕಲಿತಳು.

ಡಾಕ್ಟರ ಹತ್ತಿರ ಹೋಗಬಾರದಿತ್ತೇ? ಹೋಗಿದ್ದಳು. ಆತ, "ಬಂದರೆ ಬಂತು" ಎಂದು ಹೇಳಿ ಕಳಿಸಿದ್ದ. ಗಂಡನಿಗೆ ಹೇಳಬಾರದಿತ್ತೇ? ಹೇಳದಿರುವುದಕ್ಕೆ ಕಾರಣ ಭಾನುವಾರ.

ಲೂಯಿಸಿಯಾನಾದ ಲಾಫೂಶ್ ಹೊಳೆಯ ದಂಡೆಯಲ್ಲಿದ್ದ ಆ ಮನೆಗೆ ಪ್ರತಿ ಭಾನುವಾರ ಚರ್ಚಿನ ಪೂಜೆ ಮುಗಿಸಿ ಹದಿನಾಲ್ಕು ಜನ ಊಟಕ್ಕೆ ಬರುತ್ತಿದ್ದರು. ದಪ್ಪ ತಳದ ಕರಿ ಕಬ್ಬಿಣದ ಪಾತ್ರೆಯಲ್ಲಿ ಅನ್ನ, ಮಾಂಸ ಎಲ್ಲ ಒಟ್ಟಿಗೇ ಬೇಯುವ ಜಂಬಲಾಯಾ. ಅದಕ್ಕೆ ಟೊಮೇಟೊ ಹಾಕುವವರನ್ನು ಆ ದಂಡೆಯಲ್ಲಿ ಮನುಷ್ಯರ ಲೆಕ್ಕಕ್ಕೇ ಹಿಡಿಯುವುದಿಲ್ಲ. ಬಣ್ಣ ಬರಬೇಕಾದದ್ದು ಹಂದಿಮಾಂಸದಿಂದ. ತುಂಡುಗಳು ತಳ ಹಿಡಿಯಬೇಕು, ಹಿಡಿದದ್ದು ಕಂದಾಗಬೇಕು, ಇನ್ನೇನು ಕಪ್ಪಾಗುತ್ತದೆ ಎನ್ನುವಾಗ ಹೆಚ್ಚಿದ ಈರುಳ್ಳಿ ಸುರಿದು ತಳವನ್ನೆಲ್ಲ ಕೆರೆದು ಎಬ್ಬಿಸಬೇಕು. ಬೇಗ ಸುರಿದರೆ ಅನ್ನ ಬಿಳಿಚಿಕೊಂಡು ಸಪ್ಪೆ, ತಡವಾದರೆ ಕಹಿ. ಕರಿ ಪಾತ್ರೆಯ ಕರಿ ತಳದಲ್ಲಿ ಕಣ್ಣಿಗೇನು ಕಂಡೀತು, ಮಣ್ಣು! ಮೂಗೇ ಹೇಳಬೇಕು. ಈ ಒಂಬತ್ತು ತಿಂಗಳು ಒಡಾಲಿ ಕಿವಿಯಲ್ಲಿ ಕೆಲಸ ನಡೆಸಿದ್ದಳು. ಚಟಚಟ ಎನ್ನುವ ಸದ್ದು ಇಳಿದು ಸೊರಸೊರ ಎಂದರೆ ಈರುಳ್ಳಿಯ ಹೊತ್ತು.

ಆ ಪಾತ್ರೆ ಅವಳಿಗೆ ಬಂದ ರೀತಿ ಅಷ್ಟೇನೂ ಚೆಂದದ್ದಲ್ಲ. ಇಪ್ಪತ್ತೆಂಟು ವರ್ಷದ ಹಿಂದೆ ಭಾನುವಾರದ ಊಟ ಅವಳ ಅತ್ತೆ ಓಝೆಮಿಯ ಮನೆಯಲ್ಲಿ ನಡೆಯುತ್ತಿತ್ತು. ಮುದುಕಿ ಒಂದು ವಾರ ಎರಡು ಸಲ ಉಪ್ಪು ಹಾಕಿದಳು, ಇನ್ನೊಂದು ವಾರ ತಳ ಸೀಯಿಸಿದಳು. "ಮುಂದಿನ ವಾರ ನೀವು ಸುಧಾರಿಸ್ಕೊಳ್ಳಿ ಅತ್ತೆ, ನಮ್ಮನೇಲಿ ಮಾಡ್ತೀನಿ" ಎಂದವಳು ಒಡಾಲಿಯೇ. ಕಾರುಗಳೆಲ್ಲ ಅವಳ ಅಂಗಳಕ್ಕೆ ತಿರುಗಿದವು, ಮತ್ತೆ ಆ ಕಡೆ ಹೋಗಲಿಲ್ಲ. ಪಾತ್ರೆಯೂ ಹಿಂದೆಯೇ ಬಂತು. ಯಾರೂ ಬಾಯಿಬಿಟ್ಟು ಏನೂ ಹೇಳಲಿಲ್ಲ, ಮುದುಕಿಯೂ ಕೇಳಲಿಲ್ಲ. ಆಮೇಲೆ ಬದುಕಿದ್ದ ಆರು ವರ್ಷವೂ ಮೇಜಿನ ತುದಿಯಲ್ಲಿ ಕೂತು ಬಡಿಸಿದ್ದನ್ನು ಉಂಡು ಹೋದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ. ಒಡಾಲಿಗೆ ಈಗ ಹೆದರಿಕೆ ಇದ್ದದ್ದು ಆ ತುದಿಯ ಕುರ್ಚಿಯದು.

ಕಬ್ಬು ಅರೆಯುವ ಹಂಗಾಮು ಜೋರಾಗಿದ್ದ ನವೆಂಬರಿನ ಒಂದು ಭಾನುವಾರ ಕಿವಿಯೂ ಕೈಕೊಟ್ಟಿತು. ಗಂಡ ನೋಲ್ಟನ್ ಹಜಾರದಲ್ಲಿ ಫುಟ್‌ಬಾಲ್ ಹಾಕಿಕೊಂಡು ಕೂತಿದ್ದ.

"ರೀ, ಆ ಟೀವಿ ಸದ್ದು ಸ್ವಲ್ಪ ತಗ್ಸಿ!"

"ಆಟ ಕೇಳ್ಸಲ್ಲ ಕಣೇ!"

"ಆಟ ನೋಡ್ತಾರೋ ಕೇಳ್ತಾರೋ?"

"ಬಿಡೇ ಅವನ್ನ," ಎಂದಳು ನಾದಿನಿ ಅರ್ಲೀನ್, ಅಡುಗೆಮನೆಯ ಸ್ಟೂಲಿನಲ್ಲಿ ಕಾಲು ನೀಡಿಕೊಂಡು. "ನಿನ್ನ ಕೈಲಿ ಬೈಸ್ಕೊಂಡೂ ಬೈಸ್ಕೊಂಡೂ ನಮ್ಮಣ್ಣನ ಕಿವಿ ಹೋಗಿ ಯಾವ ಕಾಲ ಆಯ್ತು." ಆಮೇಲೆ ತನ್ನ ಮಂಡಿನೋವಿನ ಕಥೆ ಶುರುಮಾಡಿದಳು. ಒಡಾಲಿ ಪಾತ್ರೆಯ ಮೇಲೆ ಬಾಗಿದಳು. ಟೀವಿಯೊಳಗೆ ಜನ ಹೋ ಎನ್ನುತ್ತಿದ್ದರು, ಅರ್ಲೀನಳ ಮಂಡಿ ಕಟಕಟ ಎನ್ನುತ್ತಿತ್ತು, ಪಾತ್ರೆ ಏನೆನ್ನುತ್ತಿದೆಯೋ ತಿಳಿಯಲಿಲ್ಲ. ಒಮ್ಮೆ ಅರ್ಲೀನ್ ತಟಕ್ಕನೆ ಮಾತು ನಿಲ್ಲಿಸಿ, ಮೂಗರಳಿಸಿ ಪಾತ್ರೆಯ ಕಡೆ ನೋಡಿದಳು. ಒಡಾಲಿಯ ಮುಖ ನೋಡಿದಳು. ಮತ್ತೆ ಮಂಡಿಗೆ ಹಿಂದಿರುಗಿದಳು. ಇನ್ನೊಬ್ಬರ ಪಾತ್ರೆಗೆ ಆ ಜನ ಕೈಯನ್ನಂತೂ ಹಾಕುವುದಿಲ್ಲ, ಬಾಯನ್ನೂ ಹಾಕುವುದಿಲ್ಲ. ಅಂಥ ಅವಮಾನ ಇನ್ನೊಂದಿಲ್ಲ. ಅಂದಾಜಿನ ಮೇಲೆ ಒಡಾಲಿ ಈರುಳ್ಳಿ ಸುರಿದಳು. ಮಿಕ್ಕ ತರಕಾರಿ, ನೀರು, ಅಕ್ಕಿ ಹಾಕಿ ಮುಚ್ಚಳ ಮುಚ್ಚಿದಳು.

ಆ ಮನೆಯಲ್ಲಿ ಊಟವನ್ನು ಹೊಗಳುವ ರೂಢಿಯೇ ಇರಲಿಲ್ಲ. "ಸಮುದ್ರದ ಉಪ್ಪೆಲ್ಲ ಖಾಲಿಯಾಯ್ತಾ?" "ಸೊಸೇಜು ಹುಡುಕೋಕೆ ಪೊಲೀಸ್ರನ್ನ ಕರೀಬೇಕಾ?" ಹೀಗೆ ಹಂಗಿಸುತ್ತ ಮೂರು ಸಲ ಬಡಿಸಿಕೊಳ್ಳುವುದೇ ಹೊಗಳಿಕೆ. ಅವತ್ತು ಎರಡು ತುತ್ತು ಒಳಗೆ ಹೋದ ಮೇಲೆ ಮೇಜು ತಣ್ಣಗಾಯಿತು. ನೋಲ್ಟನ್ ಕೆಮ್ಮಿ, "ತುಂಬಾ ಚೆನ್ನಾಗಿದೆ" ಎಂದ. ಮಗ ಡಾರೆಲ್, "ಹೌದಮ್ಮ, ತುಂಬಾ ಚೆನ್ನಾಗಿದೆ" ಎಂದ. ಆ ಹೊಗಳಿಕೆ ಕೇಳಿಯೇ ತಳ ಸೀದದ್ದು ಒಡಾಲಿಗೆ ತಿಳಿಯಿತು.

ಊಟವಾದ ಮೇಲೆ ಡಾರೆಲ್‌ನ ಹೆಂಡತಿ ರೆನೆಲ್ಲಾ ತಟ್ಟೆ ತೊಳೆಯುತ್ತ, ಮುಖ ಎತ್ತದೆ ಹೇಳಿದಳು. "ಅತ್ತೆ, ಮುಂದಿನ ವಾರ ನಮ್ಮನೇಲಿ ಮಾಡೋಣ್ವಾ? ನೀವೂ ಸ್ವಲ್ಪ ಸುಧಾರಿಸ್ಕೊಳ್ಳಿ."

ಒಡಾಲಿ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತಳು. ಸೊಸೆಯ ಮೇಲೆ ಸಿಟ್ಟು ಬರಲಿಲ್ಲ, ಯಾವ ಮುಖ ಇಟ್ಟುಕೊಂಡು ಸಿಟ್ಟು ಮಾಡುವುದು? ಇದೇ ಮಾತಿಗೆ ಓಝೆಮಿ ಅವತ್ತು "ಆಗಲಮ್ಮ" ಎಂದಿದ್ದಳು.

"ನನ್ನ ಮೂಗು ಸತ್ತೋಗಿದೆ ಕಣೇ," ಎಂದಳು ಒಡಾಲಿ.

ರೆನೆಲ್ಲಾ ನಲ್ಲಿ ನಿಲ್ಲಿಸಿದಳು. "ಯಾವಾಗಿಂದ?"

"ಆ ಫೆಬ್ರವರಿ ಜ್ವರದಿಂದ."

"ಅಯ್ಯೋ ದೇವ್ರೇ! ನಾನು ಜೂನಲ್ಲಿ ಸೆಂಟು ತಂದ್ಕೊಟ್ಟಾಗ ಮೂಸಿ ಮೂಸಿ 'ಆಹಾ' ಅಂದ್ರಲ್ಲ?"

"ಸುಳ್ಳು."

"ಎಷ್ಟು ಚೆನ್ನಾಗಿ ಹೇಳಿದ್ರಿ!"

ಇಬ್ಬರಿಗೂ ನಗು ಬಂತು, ಹೆಚ್ಚು ಹೊತ್ತು ನಿಲ್ಲಲಿಲ್ಲ. "ನಿಮ್ಮನೇಲಿ ಮಾಡ್ತೀನಿ ಅಂತೀಯಲ್ಲ," ಎಂದು ಒಡಾಲಿ ಕೇಳಿದಳು, "ಈರುಳ್ಳಿ ಯಾವಾಗ ಹಾಕ್ತೀಯ?"

ರೆನೆಲ್ಲಾ ಒದ್ದೆ ಕೈಯನ್ನು ಸುಮ್ಮನೆ ಒರೆಸಿಕೊಂಡಳು. "ನಂಗೇನು ಗೊತ್ತತ್ತೆ? ಹತ್ತೊಂಬತ್ತು ವರ್ಷದಲ್ಲಿ ಒಂದಿನಾನಾದ್ರೂ ಒಲೆ ಹತ್ರ ನಿಲ್ಲಿಸ್ಕೊಂಡಿದೀರಾ? 'ಸರಿ ಆಚೆ, ಗಾಳಿ ಆಡ್ಲಿ' ಅಂತಿದ್ರಿ."

ಅದು ನಿಜ. ಒಡಾಲಿಯ ಮನಸ್ಸಿನಲ್ಲಿ ಆ ಕ್ಷಣ ಬಂದದ್ದನ್ನೂ ಹೇಳಿಬಿಡಬೇಕು. ಸೀಯಿಸಿಕೊಳ್ಳಲಿ ಬಿಡು, ಎರಡು ವಾರ ಕಹಿ ಉಂಡರೆ ಎಲ್ಲರೂ ತಾವಾಗಿ ಇತ್ತ ಬರುತ್ತಾರೆ ಎಂದುಕೊಂಡಳು. ಹಾಗಂದುಕೊಂಡು ಒಂದು ಗಳಿಗೆ ಸುಖವಾಗಿಯೂ ಕೂತಳು. ಆಮೇಲೆ ಎದ್ದು ಫ್ರಿಜ್ಜಿನಿಂದ ಬುಧವಾರಕ್ಕೆಂದು ಇಟ್ಟಿದ್ದ ಮಾಂಸ ತೆಗೆದಳು. ಪಾತ್ರೆ ಉಜ್ಜಿ ಒಲೆ ಹಚ್ಚಿದಳು.

"ಈಗ ತಾನೆ ಉಂಡಿದೀವಿ, ಏನೇ ಅದು?" ಎಂದು ನೋಲ್ಟನ್ ಹಜಾರದಿಂದ ಕೂಗಿದ.

"ನಿಮಗಲ್ಲ! ಆ ಟೀವಿ ಆರ್ಸಿ!"

ಟೀವಿ ಆರಿತು. ಒಡಾಲಿ ಈರುಳ್ಳಿಯ ಬಟ್ಟಲು ಹಿಡಿದು ನಿಂತಳು, ರೆನೆಲ್ಲಾ ಪಾತ್ರೆಗೆ ಮುಖ ಒಡ್ಡಿದಳು.

"ಏನು ಬರ್ತಿದೆ?"

"ಮಾಂಸದ್ದೇ ವಾಸನೆ."

"ಈಗ?"

"ಬ್ರೆಡ್ಡಿನ ಅಂಚು ಸುಟ್ಟಂಗೆ."

ಪಾತ್ರೆ ಚಟಚಟ ಎನ್ನುತ್ತಲೇ ಇತ್ತು. ಅರ್ಲೀನ್ ಬಾಗಿಲಲ್ಲಿ ಬಂದು ನಿಂತಳು.

"ಈಗ?"

"ಕಾಫಿಬೀಜ ಹುರಿದಂಗೆ... ಅತ್ತೆ, ಹಾಕಿ, ಹಾಕಿ!"

ಒಡಾಲಿಯ ಕಿವಿಗೆ ಇನ್ನೂ ಹೊತ್ತಾಗಿರಲಿಲ್ಲ. ಹತ್ತು ಎಣಿಸುವಷ್ಟು ತಡೆಯಬೇಕಿತ್ತು. ಬೇರೆಯವರು ಹೇಳಿದರೆಂದು ಅವಳು ಜೀವಮಾನದಲ್ಲಿ ಈರುಳ್ಳಿ ಹಾಕಿದವಳಲ್ಲ. ಆದರೂ ಬಟ್ಟಲು ಬಗ್ಗಿಸಿ ಅಷ್ಟನ್ನೂ ಸುರಿದಳು.

ಆವಿ ಎದ್ದಿತು. ರೆನೆಲ್ಲಾ ಕಣ್ಣು ಕಿರಿದು ಮಾಡಿಕೊಂಡು, "ಸರಿಯಾಯ್ತಾ ಅತ್ತೆ?" ಎಂದಳು.

"ನನ್ನನ್ನೇನು ಕೇಳ್ತೀಯ? ಮೂಗಿರೋದು ನಿಂಗೆ," ಎಂದು ಒಡಾಲಿ ಮರದ ಸೌಟನ್ನು ಅವಳ ಕೈಗೆ ಕೊಟ್ಟಳು. "ಕೆರಿ, ಬೇಗ. ಮುಂದಿನ ಭಾನುವಾರ ಬೆಳಗಿನ ಮೊದಲನೇ ಪೂಜೆಗೇ ಹೋಗಿ, ಒಲೆ ಹಚ್ಚೋ ಹೊತ್ತಿಗೆ ಇಲ್ಲಿಗೆ ಬಂದ್ಬಿಡು."