ಶಬ್ದದ ವಿಭಾಗದ ಮೂರು ಹೆಸರು

ಶಬ್ದದ ವಿಭಾಗಕ್ಕೆಂದು ಶಿವಮಲ್ಲ ಆರಿಸಿ ಹೇಳಿದ್ದ ಮೂರು ಚಿತ್ರಗಳ ಹೆಸರನ್ನು ಹೊಡೆದುಹಾಕಿದವನು ನಾನು. ಫಲಿತಾಂಶ ಬಂದ ದಿನ ಅವನೆದುರು ಕೂತು ಸುಳ್ಳು ಓದಿದವನೂ ನಾನೇ. ಎಂಟು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ — ಹೆಂಡತಿಗೂ ಇಲ್ಲ.

ಆಗ ನಾನು ಕೊಳ್ಳೇಗಾಲದಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು. ನಮ್ಮೂರು ಮದರಾಸು ಸರ್ಕಾರಕ್ಕೆ ಸೇರಿದ್ದರಿಂದ ಅಲ್ಲಿನ ತಮಿಳು ಪತ್ರಿಕೆಗಳು ಟಪಾಲಿನಲ್ಲಿ ಬರುತ್ತಿದ್ದವು, ನನಗೆ ತಮಿಳು ಓದಲು ಬರುತ್ತಿತ್ತು. ಒಂದು ಸಿನಿಮಾ ಮಾಸಪತ್ರಿಕೆಯಲ್ಲಿ ಆ ವರ್ಷ ಹೊಸ ಬಗೆಯ ಸ್ಪರ್ಧೆ ಪ್ರಕಟವಾಯಿತು. ಮದರಾಸಿನ ಚಿತ್ರರಸಿಕರ ಸಂಘವೊಂದು ನಟನಟಿಯರನ್ನು ಬಿಟ್ಟು, ತೆರೆಯ ಹಿಂದೆ ದುಡಿಯುವವರಿಗೆ ಬಹುಮಾನ ಕೊಡುತ್ತದಂತೆ. ಸಂಗೀತ, ಕಲಾಲಂಕಾರ, ಛಾಯಾಗ್ರಹಣ, ಶಬ್ದಗ್ರಹಣ, ಸಂಕಲನ — ಒಂದೊಂದಕ್ಕೂ ಮೊದಲು ಮೂರು ಚಿತ್ರಗಳನ್ನು ಆರಿಸಿ ಪ್ರಕಟಿಸುತ್ತಾರೆ. ಆ ಹದಿನೈದು ಹೆಸರುಗಳನ್ನು ಮುಂಚೆಯೇ ಊಹಿಸಿ ಕಳಿಸಬೇಕು. ಗೆದ್ದವನಿಗೂ ಅವನ ಜೊತೆಗಾರನಿಗೂ ಮದರಾಸಿನ ಸ್ಟುಡಿಯೋದಲ್ಲಿ ಒಂದು ಇಡೀ ದಿನ — ಶಬ್ದ ಹಿಡಿಯುವ ಕೋಣೆಯೊಳಗೂ ಬಿಡುತ್ತಾರೆ.

ಶಿವಮಲ್ಲ ಟೂರಿಂಗ್ ಟಾಕೀಸಿನ ಆಪರೇಟರು. ಡೇರೆ ಕೆಲವು ತಿಂಗಳು ಕೊಳ್ಳೇಗಾಲದಲ್ಲಿ, ಕೆಲವು ತಿಂಗಳು ಹನೂರಿನಲ್ಲಿ. ಗೋಪಿನಾಥಂ ಕಡೆಯ ಕಾಡಂಚಿನವನು, ನನ್ನ ವಾರಗೆಯವನು. ತಮಿಳನ್ನು ನೀರು ಕುಡಿದಂತೆ ಆಡುತ್ತಿದ್ದ. ಆದರೆ ತಮಿಳಾಗಲಿ ಕನ್ನಡವಾಗಲಿ ಅಕ್ಷರ ಬರುತ್ತಿರಲಿಲ್ಲ. ಒಂದೇ ಚಿತ್ರವನ್ನು ಇಪ್ಪತ್ತು ಸಲ ಓಡಿಸಿದವನು, ನೋಡುವುದಕ್ಕಿಂತ ಹೆಚ್ಚಾಗಿ ಕೇಳುತ್ತಿದ್ದ. ಒಂದು ಮಧ್ಯಾಹ್ನ ಮೆಷಿನ್ನು ಒರೆಸುತ್ತ ಹೇಳಿದ್ದು ನೆನಪಿದೆ:

"ಆ ಮಳೆ ಬರೋ ಸೀನ್ ಕೇಳುದ್ರಾ ಸಾ? ಮಳೆ ಉಯ್ಯೋಕ್ ಮುಂಚೆ ಜೀರುಂಡೆ ಎಲ್ಲಾ ಗಪ್ ಅಂತವೆ. ಕಾಡಲ್ಲಿ ಅಂಗೇಯಾ. ಅದ್ನ ಇಡ್ದವ್ನು ಯಾವೋನೋ, ಅವ್ನು ಸುಮ್ಕೆ ಕುಂತು ಕೇಳವ್ನೆ ಕಣ್ರಿ."

ನಾನು ಆ ಚಿತ್ರವನ್ನು ಎರಡು ಸಲ ನೋಡಿದ್ದೆ. ಜೀರುಂಡೆ ಇದ್ದದ್ದೇ ಗೊತ್ತಾಗಿರಲಿಲ್ಲ.

ಹಾಗೆ ಇಬ್ಬರೂ ಸೇರಿ ಪಟ್ಟಿ ಮಾಡಿದೆವು. ಸಂಗೀತ, ಕಲಾಲಂಕಾರ, ಸಂಕಲನ ನನ್ನದು. ಛಾಯಾಗ್ರಹಣ, ಶಬ್ದ ಅವನದು; ಶಬ್ದದಲ್ಲಿ ಅವನು ಹೇಳಿದ ಮೊದಲ ಹೆಸರೇ ಆ ಮಳೆಯ ಚಿತ್ರದ್ದು. ಯಾರಿಗೂ ಬಾಯಿ ಬಿಡಬಾರದು ಎಂದು ನಾನೇ ಕಟ್ಟಪ್ಪಣೆ ಮಾಡಿದೆ. ಅವನು ನಕ್ಕ. ಆ ನಗುವನ್ನು ಆಮೇಲೆ ನಾನು ಎಷ್ಟು ಸಲ ತಿರುಗಿಸಿ ಮುರುಗಿಸಿ ನೋಡಿದೆನೋ —

ಪಟ್ಟಿ ಕಳಿಸಲು ಐದಾರು ದಿನ ಉಳಿದಿತ್ತು. ನೆಂಟರ ಮನೆಗೆಂದು ಯಳಂದೂರಿಗೆ ಹೋಗಿದ್ದೆ. ಬಸ್ಸು ನಿಲ್ಲುವಲ್ಲಿನ ಹೋಟೆಲಿನಲ್ಲಿ ಶಿವಮಲ್ಲ ಕೂತಿದ್ದ. ಎದುರಿಗೆ ಹಾರ್ಮೋನಿಯಂ ಮಾಸ್ತರು ಗುರುಸಿದ್ದಪ್ಪ — ನಾಟಕದವರಿಗೆ ಪಾಠ ಹೇಳುವವರು, ಸಿನಿಮಾ ಹುಚ್ಚಿನವರು, ಈ ಪತ್ರಿಕೆಯನ್ನೇ ತರಿಸುತ್ತಿದ್ದವರು. ಶಿವಮಲ್ಲ ಕೈಯಾಡಿಸುತ್ತ ಹೇಳುತ್ತಿದ್ದ, ಮಾಸ್ತರು ಬರೆದುಕೊಳ್ಳುತ್ತಿದ್ದರು. ನನ್ನನ್ನು ಕಂಡೊಡನೆ ಶಿವಮಲ್ಲ ಆ ಕಾಗದವನ್ನು ಮಡಿಚಿ ಅಂಗಿಯೊಳಗೆ ಇಟ್ಟುಕೊಂಡ.

"ಬನ್ನಿ ಬನ್ನಿ ಮೇಷ್ಟ್ರೇ," ಎಂದರು ಗುರುಸಿದ್ದಪ್ಪ. "ಸೌಂಡಲ್ಲಿ ಆ ಮಳೆ ಚಿತ್ರ ಬಂದೇ ಬತ್ತದೆ, ಅಲ್ವರಾ?"

ನಮ್ಮ ಪಟ್ಟಿಯ ಗುಟ್ಟು ಅವರ ಬಾಯಲ್ಲಿತ್ತು. ಕಾಗದದಲ್ಲಿ ಏನಿದೆ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಅವನು ತಂದುಕೊಟ್ಟ ಕಾಫಿ ಕುಡಿದೆ, ನಗುನಗುತ್ತ ಮಾತಾಡಿದೆ, ಅವನ ಮುಖವನ್ನೇ ಕಳ್ಳನ ಮುಖ ನೋಡುವಂತೆ ನೋಡುತ್ತಿದ್ದೆ.

ಅಲ್ಲಿಂದ ಎಲ್ಲವೂ ಬೇರೆಯಾಗಿ ಕಾಣತೊಡಗಿತು. ಅವನು ಬೇಗ ಎದ್ದು ಹೋದರೆ — ಯಳಂದೂರಿಗೇ ಇರಬೇಕು. ಪಟ್ಟಿ ಇನ್ನೊಮ್ಮೆ ಓದಿ ಹೇಳಿ ಎಂದರೆ — ಬಾಯಿಪಾಠ ಮಾಡಿಕೊಂಡು ಅವರಿಗೆ ಒಪ್ಪಿಸಲಿಕ್ಕೆ. "ಮದ್ರಾಸಲ್ಲಿ ಸೌಂಡ್ ಕಲ್ಸೋರು ಇರ್ತಾರಾ ಸಾ?" ಎಂದು ಅವನು ಕೇಳಿದಾಗ — ಆಗಲೇ ಗೆದ್ದವನಂತೆ ಕೇಳುತ್ತಿದ್ದಾನಲ್ಲ! ಕೊನೆಗೆ ನನಗೆ ಖಾತ್ರಿಯೇ ಆಗಿಹೋಯಿತು: ಶಬ್ದದ ನಿಜವಾದ ಹೆಸರುಗಳು ಮಾಸ್ತರಿಗೆ, ಸುಳ್ಳು ಹೆಸರುಗಳು ನನಗೆ; ಮಾಸ್ತರು ಮಳೆಯ ಚಿತ್ರದ ಮಾತೆತ್ತಿದ್ದೂ ನನ್ನನ್ನು ನಂಬಿಸಲಿಕ್ಕೇ.

ಇಷ್ಟೇ ಆಗಿದ್ದರೆ ಅನುಮಾನ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಇನ್ನೊಂದಿತ್ತು — ಅಕ್ಷರ ಬಾರದವನೊಬ್ಬ ನನಗೆ ಕೇಳಿಸದ್ದನ್ನು ಕೇಳುತ್ತಾನೆ ಎಂಬುದು ಮೊದಲಿಂದಲೂ ನನ್ನನ್ನು ಚುಚ್ಚುತ್ತಿತ್ತು. ಅನುಮಾನಕ್ಕೆ ನಾನು ಕಾದೇ ಇದ್ದೆನೋ ಏನೋ.

ಟಪಾಲಿಗೆ ಹಾಕುವ ಬೆಳಿಗ್ಗೆ ಶಬ್ದದ ವಿಭಾಗದ ಮೂರೂ ಹೆಸರು ಹೊಡೆದು, ದೊಡ್ಡ ದೊಡ್ಡ ಕಂಪನಿಗಳ ಮೂರು ಚಿತ್ರ ಬರೆದೆ. ಬೇರೆ ಹಾಳೆಯಲ್ಲಿ ಚೊಕ್ಕವಾಗಿ ನಕಲು ಮಾಡಿ ಲಕೋಟೆಗೆ ಹಾಕಿದೆ.

ಎರಡು ತಿಂಗಳ ಮೇಲೆ ಪತ್ರಿಕೆ ಬಂತು. ಶಬ್ದದ ವಿಭಾಗದಲ್ಲಿ ಶಿವಮಲ್ಲ ಹೇಳಿದ್ದ ಮೂರೂ ಇದ್ದವು, ಮಳೆಯ ಚಿತ್ರ ಮೊದಲನೆಯದು. ಛಾಯಾಗ್ರಹಣದ ಮೂರೂ ಸರಿ. ಗೆದ್ದವನು ಸೇಲಂನವನು ಯಾರೋ, ಅವನದು ಎರಡು ತಪ್ಪು. ನಮ್ಮ ಮೊದಲ ಪಟ್ಟಿಯಲ್ಲಿ ತಪ್ಪಿದ್ದು ಒಂದೇ ಒಂದು — ಅದೂ ನಾನು ಆರಿಸಿದ್ದ ಸಂಗೀತದಲ್ಲಿ.

ಅವನು ನನಗೆ ಸುಳ್ಳು ಹೆಸರು ಕೊಟ್ಟಿರಲಿಲ್ಲ. ಆ ಪುಟ ನೋಡಿದ ಕೂಡಲೇ ಅಷ್ಟು ಗೊತ್ತಾಯಿತು.

ಡೇರೆ ಆಗ ಹನೂರಿನಲ್ಲಿತ್ತು. ದಾರಿಯುದ್ದಕ್ಕೂ ನಿಜ ಹೇಳಬೇಕೆಂದೇ ಇದ್ದೆ. ಟೀ ಅಂಗಡಿಯ ಮುಂದೆ ನಾಲ್ಕು ಜನರ ನಡುವೆ ಅವನು ಕೂತಿದ್ದ. ಪತ್ರಿಕೆ ಕಂಡು ಎದ್ದೇ ಬಿಟ್ಟ.

"ಏನಾಯ್ತು ಸಾ? ಓದಿ, ಓದಿ."

ಬಿಡಿಸಿ ಹಿಡಿದೆ. ತಮಿಳು ಓದಲು ಬಾರದ ಆ ನಾಲ್ಕು ಜನ ನನ್ನ ಬಾಯನ್ನೇ ನೋಡುತ್ತಿದ್ದರು. ಬದಲಾಯಿಸಿದ್ದು ನಾನು ಎಂದು ಅವರೆದುರು ಹೇಗೆ —

"ಸೋತ್ವಿ ಶಿವಮಲ್ಲ. ಶಬ್ದದಲ್ಲಿ ಮೂರೂ ತಪ್ಪು."

"ಮೂರೂವಾ?"

"ಮೂರೂ."

"ಮಳೇದೂ ಇಲ್ವಾ?"

"ಇಲ್ಲ."

ಅವನು ಪತ್ರಿಕೆ ಇಸಿದುಕೊಂಡು ತಾನು ಓದಲಾರದ ಆ ಪುಟವನ್ನು ಬಹಳ ಹೊತ್ತು ನೋಡಿದ. ಮಳೆಯ ಚಿತ್ರದ ಹೆಸರು ಅವನ ಹೆಬ್ಬೆರಳಿನ ಪಕ್ಕದಲ್ಲೇ ಇತ್ತು. ಆಮೇಲೆ ಹಿಂದಕ್ಕೆ ಕೊಟ್ಟು, "ನನ್ ಕಿವಿ ನಂಬ್ಕಂಡು ನಿಮ್ನೂ ಸೋಲುಸ್ಬುಟ್ಟೆ. ತೆಪ್ಪಾಯ್ತು ಸಾ," ಎಂದ.

ಅವನು ನನ್ನ ಕ್ಷಮೆ ಕೇಳಿದ. ನಾನು "ಇರಲಿ ಬಿಡು" ಎಂದೆ. ಹೌದು, ಹಾಗೆಯೇ ಎಂದೆ.

ಹನೂರಿನವರು ಅವನನ್ನು ಕಿವಿಮಲ್ಲ ಎಂದು ಕರೆಯತೊಡಗಿದರು. ಡೇರೆಯಲ್ಲಿ ಶಬ್ದ ಚೂರು ಗೊರಗುಟ್ಟಿದರೂ "ಲೇ ಕಿವಿಮಲ್ಲ, ಕೇಳುಸ್ತೇನ್ಲಾ?" ಎಂಬ ಕೂಗು. ಮೊದಮೊದಲು ನಕ್ಕ. ಆಮೇಲೆ ಚಿತ್ರದ ಬಗ್ಗೆ ಮಾತಾಡುವುದನ್ನೇ ಬಿಟ್ಟ. ವರ್ಷ ತುಂಬುವುದರೊಳಗೆ ಕೆಲಸ ಬಿಟ್ಟು ಗೋಪಿನಾಥಂಗೆ ಹೊರಟುಹೋದ.

ಅವನು ಹೋದ ಮೇಲೆ ಒಂದು ದಿನ ಗುರುಸಿದ್ದಪ್ಪ ಸಿಕ್ಕರು. ಡೇರೆ ಹನೂರಿಗೆ ಹೋದ ಮೇಲೆ ಅವರು ಶಿವಮಲ್ಲನನ್ನು ಮತ್ತೆ ಕಂಡಿರಲಿಲ್ಲ. ಅವರು ಸ್ಪರ್ಧೆಗೆ ಏನನ್ನೂ ಕಳಿಸಿರಲೇ ಇಲ್ಲ. "ಅವತ್ತು ನಾನು ಬರೆದದ್ದು ಅವನ ಅರ್ಜಿ ಕಣ್ರಿ," ಎಂದರು. "ಸ್ಟುಡಿಯೋದಲ್ಲಿ ಸೌಂಡ್ ಕಲಿಯೋಕೆ ಸೇರಿಸ್ಕಳಿ ಅಂತ. ಗೆದ್ದು ಮದ್ರಾಸಿಗೆ ಹೋದಾಗ ಕೈಯಾರೆ ಕೊಡ್ತೀನಿ ಅಂದಿದ್ದ. ನಿಮ್ಮ ಕೈಲಿ ಬರೆಸೋಕೆ ನಾಚ್ಕೆ ಅವ್ನಿಗೆ — ಮೇಷ್ಟ್ರು ನಗ್ತಾರೆ ಅಂತ." ಮಳೆಯ ಚಿತ್ರದ ಮಾತು? ಅದನ್ನು ಅವನು ಕೊಳ್ಳೇಗಾಲದಲ್ಲಿ ಕಂಡಕಂಡವರಿಗೆಲ್ಲ ಹೇಳಿದ್ದನಂತೆ. ಗುಟ್ಟು ಅಂತಲ್ಲ — ಎಲ್ಲರೂ ಕೇಳಿಸಿಕೊಳ್ಳಲಿ ಎಂದು.

ಅದು ಗೊತ್ತಾದ ಮೇಲೂ ಏಳು ವರ್ಷ ಸುಮ್ಮನಿದ್ದೆ.

ಹೋದ ತಿಂಗಳು ಸೌದೆ ಲಾರಿ ಹತ್ತಿ ಪಾಲಾರ್‌ವರೆಗೆ ಹೋಗಿ, ಅಲ್ಲಿಂದ ನಡೆದೆ. ಶಿವಮಲ್ಲ ಮನೆಯ ಮುಂದೆ ಮೀನಿನ ಬಲೆ ಹೊಲಿಯುತ್ತಿದ್ದ. ತಲೆ ಅರ್ಧ ನರೆತಿತ್ತು. ಗುರುತು ಹಿಡಿದು ಚಾಪೆ ಹಾಸಿದ, ಮಜ್ಜಿಗೆ ಕೊಡಿಸಿದ. ನಾನು ಹೇಳಿದೆ. ಒಂದನ್ನೂ ಬಿಡದೆ ಹೇಳಿದೆ.

ಅವನ ಕೈ ನಿಂತಿತು.

"ಅಂಗಾರೆ ನಂಗೆ ಸರ್ಯಾಗೇ ಕೇಳಿತ್ತು?"

"ಸರಿಯಾಗೇ ಕೇಳಿತ್ತು."

ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತೇನೋ, ಅದಕ್ಕೇ ಬೈಯಲಿಲ್ಲವೋ ಏನೋ. "ಇದ್ನ ಅವತ್ತೇ ಏಳಿದ್ರೆ ನಾನು ಮದ್ರಾಸ್ಗೆ ಓಗಿರ್ತಿದ್ದೆ ಸಾ," ಎಂದಷ್ಟೇ ಹೇಳಿ, ಬಲೆಯನ್ನು ಹೆಗಲಿಗೆ ಹಾಕಿಕೊಂಡು ಹೊಳೆಯ ಕಡೆ ಇಳಿದ. ಹಿಂದೆ ತಿರುಗಿ ನೋಡಲಿಲ್ಲ. ಕ್ಷಮಿಸು ಎಂಬ ಮಾತು ನನ್ನ ಬಾಯಲ್ಲೇ ಉಳಿಯಿತು. ಅದನ್ನು ಕೂಗಿ ಹೇಳುವ ಯೋಗ್ಯತೆ ನನಗಿರಲಿಲ್ಲ.

ಇದನ್ನು ನನ್ನ ಹೆಸರು ಹಾಕಿಯೇ ಅಚ್ಚಿಗೆ ಕೊಡುತ್ತಿದ್ದೇನೆ. ಬರುವ ಭಾನುವಾರ ಹನೂರಿಗೆ ಹೋಗುತ್ತೇನೆ. ಅವತ್ತು ನನ್ನ ಬಾಯನ್ನು ನೋಡುತ್ತಿದ್ದ ನಾಲ್ವರಲ್ಲಿ ಮೂವರು ಇನ್ನೂ ಅಲ್ಲಿಯೇ ಇದ್ದಾರೆ. ಒಬ್ಬೊಬ್ಬರ ಮನೆಗೂ ಹೋಗಿ ಹೇಳಬೇಕು.