ಎಲಿಹಿಯಾ ತಾನೇ ಬರೆದುಕೊಂಡ ಶಿಫಾರಸು ಪತ್ರ

ತೆಬಿಕ್ವಾರಿ ನದಿ ದಂಡೆಯ ನಮ್ಮ ಊರಿನ ಆರೋಗ್ಯ ಕೇಂದ್ರದಲ್ಲಿ ಹನ್ನೊಂದು ವರ್ಷದಿಂದ ಡೆಂಗಿ ಜ್ವರದ ಲೆಕ್ಕ ಇಡುವವಳು ಎಲಿಹಿಯಾ ಅಕ್ಕ. ಓದಿದ್ದು ನರ್ಸಿಂಗ್. ಬೇಸಿಗೆಯ ಮಳೆ ಬಿದ್ದ ಎಷ್ಟನೆಯ ವಾರಕ್ಕೆ ಯಾವ ಬೀದಿಯಲ್ಲಿ ಜ್ವರ ಏರುತ್ತದೆಂದು ಚೌಕದ ಹಾಳೆಯ ಮೇಲೆ ಗೆರೆ ಎಳೆಯುತ್ತಿದ್ದಳು. ಗೆರೆ ಹೇಳಿದ ವಾರವೇ ಜನ ಬಂದು ಮಲಗುತ್ತಿದ್ದರು.

ಅವಳಿಗೆ ಜೈವಿಕ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡುವ ಆಸೆ. ರಾಜಧಾನಿ ಅಸುನ್ಸಿಯೋನಿನ ವಿಶ್ವವಿದ್ಯಾಲಯದಲ್ಲಿ ಹನ್ನೆರಡು ಸೀಟು. ಗಣಿತ ಓದಿಲ್ಲದವರು ಕ್ಯಾಲ್ಕುಲಸ್ ಪಾಸಾಗಿರಬೇಕು, ಜೊತೆಗೆ ಮೇಲಧಿಕಾರಿಯ ಪತ್ರ ಬೇಕು. ವಿದ್ಯಾರ್ಥಿವೇತನಕ್ಕೆ ಮೂವತ್ತೇಳು ದಾಟಿರಬಾರದು. ಅವಳಿಗಾಗಲೇ ಮೂವತ್ತೇಳು, ಇದೊಂದೇ ಸಲ.

ಎರಡು ವರ್ಷ ಪ್ರತಿ ಶನಿವಾರ ಬಸ್ಸು ಹತ್ತಿ ಹೋಗಿ, ಹದಿನೆಂಟರ ಹುಡುಗರ ನಡುವೆ ಕೂತು ಕ್ಯಾಲ್ಕುಲಸ್ ಕಲಿತಿದ್ದಳು. “ಚಿಕ್ಕಮ್ಮ, ಮಗನ್ನ ಬಿಡೋಕೆ ಬಂದ್ರಾ?” ಎಂದು ಮೊದಲ ದಿನ ಕೇಳಿದರಂತೆ. ಕೊನೆಗೆ ಐದಕ್ಕೆ ಐದು ಅಂಕ ಬಂತು.

ಉಳಿದದ್ದು ಪತ್ರ. ನಮ್ಮಲ್ಲಿ ಶಿಫಾರಸು ಪತ್ರವನ್ನು ಬೇಕಾದವರೇ ಬರೆದು ತರಬೇಕು. ದೊಡ್ಡವರು ಸಹಿ ಹಾಕುತ್ತಾರೆ. ಕೇಂದ್ರದಲ್ಲಿ ಅವಳ ಕೈಕೆಳಗೆ ಕೆಲಸ ಕಲಿಯುತ್ತಿದ್ದ ನನ್ನ ಮುಂದೆಯೇ ಅಕ್ಕ ಮೂರು ಸಲ ಬರೆದು ಹರಿದಳು.

“ನನ್ನನ್ನ ನಾನೇ ಹೇಗೆ ಹೊಗಳ್ಕೊಳ್ಳೋದೇ ಹುಡುಗಿ?”

“ಹೊಗಳ್ಬೇಡ, ಮಾಡಿದ್ದನ್ನ ಬರಿ. ಡಾಕ್ಟ್ರ ಪ್ರಬಂಧದಲ್ಲಿರೋ ಲೆಕ್ಕ ಎಲ್ಲ ಯಾರದ್ದು?” ಎಂದೆ.

ಒಂದೇ ವಾಕ್ಯ ಸೇರಿಸಿದಳು: ‘ನಮ್ಮ ಡೆಂಗಿ ಪ್ರಬಂಧದ ಲೆಕ್ಕಾಚಾರವೆಲ್ಲ ಇವರದು.’ ಆ ಪ್ರಬಂಧದ ಮೇಲೆ ಇದ್ದದ್ದು ನಮ್ಮ ಕೇಂದ್ರದ ಮುಖ್ಯಸ್ಥ ಡಾಕ್ಟರ್ ಇನ್ಸಾವುರಾಲ್ದೆ ಒಬ್ಬರದೇ ಹೆಸರು.

ಡಾಕ್ಟರು ತಣ್ಣೀರಲ್ಲಿ ಎಲೆ ನೆನೆಸಿದ ತೆರೆರೆಯನ್ನು ಕೊಳವೆಯಲ್ಲಿ ಹೀರುತ್ತ ಓದಿದರು. ಆ ವಾಕ್ಯ ಬಂದಾಗ ಕೊಳವೆಯನ್ನು ಬಾಯಿಂದ ತೆಗೆದರು.

“ಇದ್ಯಾಕಮ್ಮ? ಓದಿದೋರು ನನ್ನ ಬಗ್ಗೆ ಏನ್ ತಿಳ್ಕೊಳ್ತಾರೆ?”

“ನಿಜ ಅಲ್ವಾ ಡಾಕ್ಟ್ರೇ?”

“ನಿಜಾನೇ. ಆದ್ರೆ ಪತ್ರದಲ್ಲಿ ಬೇಕಿರೋದು ನಿನ್ನ ಗುಣ. ಬರಿ: ಶ್ರದ್ಧಾವಂತೆ, ವಿಧೇಯೆ, ಒಂದು ದಿನಾನೂ ತಡವಾಗಿ ಬಂದವಳಲ್ಲ.” ವಾಕ್ಯವನ್ನು ಹೊಡೆದುಹಾಕಿ, ತೆರೆರೆಯ ಸೋರೆಬುರುಡೆಗೆ ಮತ್ತೆ ನೀರು ತುಂಬಿ ಅವಳ ಕೈಗಿಟ್ಟರು. ಕೊಟ್ಟದ್ದನ್ನು ಬೇಡವೆನ್ನುವ ರೂಢಿ ಅವಳಿಗಿಲ್ಲ. ಕುಡಿದಳು. ತಿದ್ದಿದ ಪತ್ರವನ್ನೇ ಕಳಿಸಿದಳು.

ನಮ್ಮ ಕಡೆ ಚಳಿಗಾಲವಾದ ಜುಲೈಯಲ್ಲಿ ಉತ್ತರ ಬಂತು. ‘ಅಭ್ಯರ್ಥಿಯ ನಡತೆ ಮೆಚ್ಚತಕ್ಕದ್ದು. ಅಂಕಿಅಂಶಗಳ ಕೆಲಸ ಮಾಡಿದ್ದಕ್ಕೆ ಪುರಾವೆಯಿಲ್ಲ.’

“ಪಾಪ,” ಎಂದರು ಡಾಕ್ಟರು. “ಅಲ್ಲಿ ಗಣಿತದೋರಿಗೇ ಸೀಟು, ನಾನು ಆಗ್ಲೇ ಅಂದ್ಕೊಂಡಿದ್ದೆ. ಹೋಗ್ಲಿ ಬಿಡು. ಮುಂದಿನ ಬೇಸಿಗೆಯ ಗೆರೆ ಯಾವಾಗ ಕೊಡ್ತೀಯ?”

“ಕೊಡ್ಬೇಡ ಅಕ್ಕ,” ಎಂದೆ, ಅವರು ಹೋದ ಮೇಲೆ.

“ಕೊಡ್ದೇ ಇದ್ರೆ ಮಾರ್ಚ್‌ಗೆ ಎಷ್ಟು ಮಂಚ ಬೇಕು ಅಂತ ಹೇಳೋರ್ಯಾರು, ನೀನಾ?” ಪೆನ್ಸಿಲ್ ಚೂಪು ಮಾಡುತ್ತಲೇ ಇದ್ದಳು, ಅದು ಚೂಪಾಗಿ ಎಷ್ಟೋ ಹೊತ್ತಾಗಿತ್ತು.

ಶುಕ್ರವಾರ ಹಾಳೆ ಕೊಟ್ಟಳು. ಗೆರೆ ಮಳೆ ಬಿದ್ದ ಒಂಬತ್ತನೆಯ ವಾರಕ್ಕೆ ಏರಿತ್ತು. ಮಾರ್ಚ್‌ನಲ್ಲಿ, ಒಂಬತ್ತನೆಯ ವಾರವೇ ಜನ ಬಂದರು; ಮಂಚ ಸಿದ್ಧವಿದ್ದವು, ಯಾರೂ ನೆಲದ ಮೇಲೆ ಮಲಗಲಿಲ್ಲ. ಏಪ್ರಿಲ್‌ನಲ್ಲಿ ಡಾಕ್ಟರಿಗೆ ರಾಜಧಾನಿಯಿಂದ ಮೆಚ್ಚುಗೆಯ ಪತ್ರ ಬಂತು. ಅದನ್ನು ಅವರು ತಾವೇ ಬರೆದುಕೊಳ್ಳಬೇಕಾಗಿರಲಿಲ್ಲ.